ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಜೋಡಿಸಿದ ಮೊದಲ ಕಂಪ್ಯೂಟರ್: ನನ್ನ ಅನುಭವ

ಡಿಸೈನ್ ಕೆಲಸಕ್ಕೆ ಗ್ರಾಫಿಕ್ಸ್ ಕಾರ್ಡ್ (ಪರದೆಗೆ ಚಿತ್ರ ಮೂಡಿಸುವ ಪ್ರತ್ಯೇಕ ಕಾರ್ಡ್) ಇಲ್ಲದ ಕಂಪ್ಯೂಟರ್ ಬೇಡವೇ ಬೇಡ ಅಂತ ನನಗೆ ಹೇಳದವರಿಲ್ಲ. ಆದರೂ ಜೋಡಿಸಿದೆ. 2023ರ ಗಣೇಶ ಹಬ್ಬಕ್ಕೆ ಸ್ವಲ್ಪ ಮುಂಚೆ ಎದ್ದು ನಿಂತ ಈ ಯಂತ್ರ ಇವತ್ತಿಗೂ ಅಂಗಡಿಯಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ಓಡುತ್ತಿದೆ. ಮಾನಿಟರ್, ಕೀಬೋರ್ಡ್, ಒಂದು ಹಾರ್ಡ್ ಡಿಸ್ಕ್ ಹಳೆಯವೇ ಇದ್ದವು. ಉಳಿದದ್ದೆಲ್ಲ ಸೇರಿ 33 ಸಾವಿರದ ಆಸುಪಾಸು ಆಯಿತು. ಆಗ ಬೇಡ ಅಂದವರೇ ಈಗ ಪಾರ್ಟ್ಸ್ ಪಟ್ಟಿ ಕೊಡು ಅಂತ ಬರುತ್ತಿದ್ದಾರೆ. ಪ್ರತಿಯೊಬ್ಬರಿಗೂ ಬಾಯಲ್ಲಿ ಹೇಳುವ ಬದಲು ಒಂದು ಸಲ ಬರೆದಿಡೋಣ ಅಂತ ಕೂತಿದ್ದೇನೆ.

ನಮ್ಮದು ಅರಸೀಕೆರೆಯಲ್ಲಿ ಚಿಕ್ಕ ಡಿಟಿಪಿ ಅಂಗಡಿ. ಮದುವೆ ಪತ್ರಿಕೆ, ಬ್ಯಾನರ್, ಬಿಲ್ ಬುಕ್. ಡಿಸೈನ್‌ಗೆ ಕೋರೆಲ್, ಫೋಟೋಶಾಪ್, ಕನ್ನಡ ಟೈಪಿಂಗ್‌ಗೆ ನುಡಿ, ಇಷ್ಟರಲ್ಲೇ ದಿನ ಕಳೆಯುತ್ತೆ. ಗೇಮ್ ಆಡುವವರಿಗೆ ಈ ಪಟ್ಟಿ ಹೊಂದುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಊರಿನಲ್ಲೇ ಒಂದು ಕೊಟೇಶನ್ ತೆಗೆದುಕೊಂಡಿದ್ದೆ. 42 ಸಾವಿರ. ಐ3-12100ಎಫ್ ಪ್ರೊಸೆಸರ್, ಎಚ್610 ಬೋರ್ಡ್ (ಎಲ್ಲ ಭಾಗ ಕೂರುವ ಮದರ್‌ಬೋರ್ಡ್), 8 ಜಿಬಿಯ ಒಂದೇ ಒಂದು ರ‍್ಯಾಮ್ (ಕೆಲಸ ನಡೆಯುವಾಗ ಬಳಸುವ ಮೆಮೊರಿ), 4 ಜಿಬಿಯ ಜಿಟಿ 730 ಕಾರ್ಡ್, ಕ್ಯಾಬಿನೆಟ್ ಜೊತೆ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬ) ಫ್ರೀ. "4 ಜಿಬಿ ಕಾರ್ಡ್ ಸರ್, ಫೋಟೋಶಾಪ್ ಹಾರುತ್ತೆ" ಅಂದರು. ಜಿಟಿ 730 ಬಂದಿದ್ದು 2014ರಲ್ಲಿ. ಆ 4 ಜಿಬಿ ಬರೀ ಹಳೆಯ, ನಿಧಾನದ ಡಿಡಿಆರ್3 ಮೆಮೊರಿ. ಡಬ್ಬದ ಮೇಲೆ ಅಂಕಿ ದೊಡ್ಡದಾಗಿ ಕಾಣುತ್ತೆ, ಅಷ್ಟೇ. ನಾನು ಆರಿಸಿದ ರೈಜನ್ 5 5600ಜಿ ಪ್ರೊಸೆಸರ್ ಒಳಗೇ ಕೂತಿರುವ ವೇಗಾ ಗ್ರಾಫಿಕ್ಸ್ ಅದಕ್ಕಿಂತ ಎಷ್ಟೋ ಚುರುಕು. ಇನ್ನೊಂದು ವಿಷಯ. 12100ಎಫ್‌ನಲ್ಲಿ ಆ ಕೊನೆಯ ಎಫ್ ಇದೆಯಲ್ಲ, ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲವೇ ಇಲ್ಲ. ಕಾರ್ಡ್ ಕೈಕೊಟ್ಟ ದಿನ ಅಂಗಡಿಗೆ ಬೀಗ. ಮದುವೆ ಸೀಸನ್‌ನಲ್ಲಿ ನನಗೆ ಅದು ಆಗದ ಮಾತು.

ಹಾಗಾಗಿ ಲೆಕ್ಕ ಬೇರೆ ಹಾಕಿದೆ. ಕಾರ್ಡಿಗೆ ಹೋಗುವ ಐದಾರು ಸಾವಿರವನ್ನು ರ‍್ಯಾಮ್, ಬೋರ್ಡ್, ಎಸ್‌ಎಂಪಿಎಸ್ ಮೂರಕ್ಕೆ ಹಂಚುವುದು. ಕಾರ್ಡ್ ಬೇಕು ಅನ್ನಿಸಿದ ದಿನ ನಾಳೆ ಹಾಕಬಹುದು. ಬೋರ್ಡನ್ನಾಗಲಿ ಎಸ್‌ಎಂಪಿಎಸ್‌ನ್ನಾಗಲಿ ನಾಳೆ ಬದಲಾಯಿಸುತ್ತೇನೆ ಅಂದರೆ ಇಡೀ ಯಂತ್ರ ಬಿಚ್ಚಬೇಕು.

"ಕಾರ್ಡ್ ಇಲ್ದೆ ಬ್ಯಾನರ್ ಫೈಲ್ ಹೆಂಗ್ ಓಪನ್ ಮಾಡ್ತೀಯ ಗುರು?" ಅಂತ ಪಕ್ಕದ ಸ್ಟುಡಿಯೋದವನು ಕೇಳಿದ. ಅವನಿಗೆ ಕಾಗದದ ಮೇಲೆ ತೋರಿಸಿದ ಲೆಕ್ಕ ಇದು. 10 ಅಡಿಗೆ 8 ಅಡಿ ಬ್ಯಾನರ್, 72 ಡಿಪಿಐ, ಅಂದರೆ ಇಂಚಿಗೆ 72 ಪಿಕ್ಸೆಲ್. ಅಗಲ 8640 ಪಿಕ್ಸೆಲ್, ಎತ್ತರ 6912. ಗುಣಿಸಿದರೆ ಹತ್ತಿರ ಹತ್ತಿರ 6 ಕೋಟಿ ಪಿಕ್ಸೆಲ್. ಪ್ರಿಂಟಿನ ನಾಲ್ಕು ಬಣ್ಣದ ಸಿಎಂವೈಕೆ ಆದ್ದರಿಂದ ಪಿಕ್ಸೆಲ್‌ಗೆ 4 ಬೈಟ್. ಪೂರ್ತಿ ತುಂಬಿದ ಒಂದು ಲೇಯರ್‌ಗೇ ಸುಮಾರು 240 ಎಂಬಿ. ನಮ್ಮ ಬ್ಯಾನರ್ ಗೊತ್ತಲ್ಲ. ಹಿಂದೆ ದೇವಸ್ಥಾನ, ಮುಂದೆ ಗಣಪತಿ, ಕೆಳಗೆ ಸಂಘದ ಹುಡುಗರದ್ದೆಲ್ಲ ಫೋಟೋ, ಮೇಲೆ ಹೂವಿನ ಹಾರ. ಲೇಯರ್ ಏರುತ್ತಲೇ ಹೋಗುತ್ತೆ, ಮಾಡಿದ್ದನ್ನು ಹಿಂದಕ್ಕೆ ತಗೊಳ್ಳುವ ಹಿಸ್ಟರಿಗೆ ಬೇರೆ ಜಾಗ ಬೇಕು. 8 ಜಿಬಿ ರ‍್ಯಾಮ್ ಅಲ್ಲಿಗೆ ಮುಗೀತು. ಆಮೇಲೆ ಅದರ ಬದಲು ನಿಧಾನದ ಡಿಸ್ಕ್ ಉಜ್ಜಲು ಶುರು. ಇದನ್ನು ಯಾವ 4 ಜಿಬಿ ಕಾರ್ಡೂ ತಪ್ಪಿಸುವುದಿಲ್ಲ.

ಎಸ್‌ಎಂಪಿಎಸ್ ಬಗ್ಗೆ ನನಗೆ ಹಟ ಇರಲು ಕಾರಣವಿದೆ. ಹಳೆಯ ಯಂತ್ರದಲ್ಲಿ ಕ್ಯಾಬಿನೆಟ್ ಜೊತೆ ಬಂದ ಫ್ರೀ ಎಸ್‌ಎಂಪಿಎಸ್ ಇತ್ತು. ಮೇಲೆ 450 ವ್ಯಾಟ್ ಅಂತ ಸ್ಟಿಕ್ಕರ್. ಕೈಯಲ್ಲಿ ಹಿಡಿದರೆ ತೂಕವೇ ಇಲ್ಲ. ಒಂದು ಮಳೆಗಾಲದ ಸಂಜೆ ಕರೆಂಟ್ ಹೋಗಿ ಬಂತು. ಟಪ್ ಅಂತ ಸದ್ದು, ಸುಟ್ಟ ವಾಸನೆ. ತಾನು ಹೋಗಿದ್ದಲ್ಲದೆ ಬೋರ್ಡನ್ನೂ ಒಂದು ಹಾರ್ಡ್ ಡಿಸ್ಕನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಆ ಡಿಸ್ಕ್‌ನಲ್ಲಿ ಗಿರಾಕಿಗಳ ಎರಡು ವರ್ಷದ ಫೈಲ್ ಇತ್ತು. ಹೊಸದಕ್ಕೆ 80 ಪ್ಲಸ್ ಬ್ರಾಂಜ್ (ಕರೆಂಟ್ ಪೋಲು ಕಡಿಮೆ ಅನ್ನುವ ಗುರುತು) ಇರುವ 550 ವ್ಯಾಟ್‌ದು ತಂದೆ, 4 ಸಾವಿರದ ಹತ್ತಿರ. ಈ ಯಂತ್ರ ಉಣ್ಣೋದು ಎಷ್ಟು ಅಂತ ಪ್ಲಗ್ ಮೀಟರ್ ಹಾಕಿ ನೋಡಿದ್ದೇನೆ. ಸುಮ್ನೆ ಇದ್ದಾಗ 30 ವ್ಯಾಟ್ ಒಳಗೆ, ಪೂರ್ತಿ ಓಡಿಸಿದಾಗ 100ರ ಆಸುಪಾಸು. ಹಾಗಾದರೆ 550 ಯಾಕೆ ಅಂತ ಕೇಳಬಹುದು. ಮುಂದೆ ಕಾರ್ಡ್ ಹಾಕಲು, ಮತ್ತೆ ಅದರ ವಾರಂಟಿ ಐದು ವರ್ಷ ಅನ್ನೋದಕ್ಕೆ.

ಎಸ್‌ಎಂಪಿಎಸ್ ಒಂದೇ ಸಾಲದು. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತಿತ್ತು. ಮಲ್ಟಿಮೀಟರ್‌ನಲ್ಲಿ ನ್ಯೂಟ್ರಲ್‌ಗೂ ಅರ್ಥ್‌ಗೂ ಮಧ್ಯೆ 30 ವೋಲ್ಟ್ ಹತ್ತಿರ ತೋರಿಸಿತು. ಎಲೆಕ್ಟ್ರಿಷಿಯನ್ ಕರೆಸಿ, ಅಂಗಡಿ ಹಿಂದೆ ಗುಂಡಿ ತೆಗೆಸಿ, ಉಪ್ಪು, ಇದ್ದಿಲು ತುಂಬಿ ಹೊಸ ಅರ್ಥಿಂಗ್ ಮಾಡಿಸಿದೆ. ಎರಡೂವರೆ ಸಾವಿರ ಖರ್ಚು. ಈಗ ಎರಡು ವೋಲ್ಟ್ ದಾಟಲ್ಲ. ಬೇಸಿಗೆಯಲ್ಲಿ ಆ ಗುಂಡಿಗೆ ವಾರಕ್ಕೊಂದು ಸಲ ಎರಡು ಬಿಂದಿಗೆ ನೀರು ಹಾಕುತ್ತೇನೆ. ಪಾರ್ಟ್ಸ್ ಪಟ್ಟಿಯಲ್ಲಿ ಇದನ್ನು ಯಾರೂ ಬರೆಯಲ್ಲ. ನನ್ನ ಪ್ರಕಾರ ಹಳ್ಳಿ, ಸಣ್ಣ ಊರುಗಳಲ್ಲಿ ಮೊದಲ ಖರ್ಚು ಇದೇ ಆಗಬೇಕು.

ಪಾರ್ಟ್ಸ್ ತಂದದ್ದು ಬೆಂಗಳೂರಿನ ಕಂಪ್ಯೂಟರ್ ಮಾರುಕಟ್ಟೆ ಎಸ್‌ಪಿ ರೋಡಿನಿಂದ. ಬೆಳಿಗ್ಗೆ ರೈಲು ಹತ್ತಿದರೆ ಮಧ್ಯಾಹ್ನ ಆಗುವುದರೊಳಗೆ ಅಲ್ಲಿರಬಹುದು. ಅಲ್ಲಿ ಬೆಲೆ ಕೇಳುವುದರಲ್ಲೂ ಒಂದು ಕ್ರಮ ಇದೆ. ಪೂರ್ತಿ ಸೆಟ್‌ಗೆ ಎಷ್ಟು ಅಂತ ಯಾವತ್ತೂ ಕೇಳಬೇಡಿ. ಪ್ರೊಸೆಸರ್‌ಗೆ ಇನ್ನೂರು ಕಡಿಮೆ ಮಾಡಿ, ಕ್ಯಾಬಿನೆಟ್‌ನಲ್ಲಿ ಆರುನೂರು ಏರಿಸುತ್ತಾರೆ. ಬಿಡಿ ಬಿಡಿಯಾಗಿ ಕೇಳಿ, ಚೀಟಿಯಲ್ಲಿ ಬರೆದುಕೊಂಡು ಮುಂದಿನ ಅಂಗಡಿಗೆ ಹೋಗಿ. ಕೊನೆಗೆ ಒಂದೇ ಅಂಗಡಿಯಲ್ಲಿ ಎಲ್ಲ ತೆಗೆದುಕೊಳ್ಳುವಾಗ ನಾನು ಮೊದಲು ಯಾವ ವಸ್ತು ಎತ್ತುತ್ತೇನೆ, ಯಾವುದನ್ನು ಕೊನೆಗೆ ಬಿಡುತ್ತೇನೆ ಅನ್ನೋದು ಮಾತ್ರ ಹೇಳಲ್ಲ. ಅದರಲ್ಲೇ ನನಗೆ ಎರಡು ಸಾವಿರ ಉಳಿದಿದ್ದು, ಅಂಗಡಿ ಹೆಸರೂ ನನ್ನ ಹತ್ತಿರವೇ ಇರಲಿ.

"ಬಿಲ್ ಬೇಡ ಅಂದ್ರೆ ಇನ್ನೂ ಕಡಿಮೆ ಮಾಡ್ಕೊಡ್ತೀನಿ ಅಣ್ಣ" ಅಂತ ಎಲ್ಲ ಕಡೆ ಹೇಳುತ್ತಾರೆ. 18 ಪರ್ಸೆಂಟ್ ಜಿಎಸ್‌ಟಿ ಉಳಿಯುತ್ತೆ ಅಂತ ಆಸೆಯಾಗುವುದು ಸಹಜ. ಬಿಲ್ ಇಲ್ಲದೆ ಒಂದು ಸ್ಕ್ರೂ ಕೂಡ ತರಬೇಡಿ. ಬಿಲ್‌ನಲ್ಲಿ ಪ್ರತಿ ವಸ್ತುವಿನ ಸೀರಿಯಲ್ ನಂಬರ್ ಬರೆಸಿ. ಅದು ನನ್ನನ್ನು ಹೇಗೆ ಕಾಪಾಡಿತು ಅಂತ ಕೆಳಗೆ ಹೇಳುತ್ತೇನೆ. ಪ್ರೊಸೆಸರ್ ಕೂಡ ಡಬ್ಬದ್ದೇ ಇರಲಿ. ಟ್ರೇ ಪೀಸ್ ಅಂತ ಬಿಡಿಯಾಗಿ ಕೊಡುತ್ತಾರೆ, ಸಾವಿರ ಕಡಿಮೆ. ಆದರೆ ಡಬ್ಬದಲ್ಲಿ ಫ್ಯಾನೂ ಬರುತ್ತೆ, ಮೂರು ವರ್ಷದ ವಾರಂಟಿಯೂ ಬರುತ್ತೆ. 5600ಜಿ ನನಗೆ 11 ಸಾವಿರಕ್ಕೆ ಬಿತ್ತು.

ಬೋರ್ಡ್‌ನಲ್ಲಿ ಪೆಟ್ಟು ತಿಂದೆ. ಮೊದಲು ಕೊಟ್ಟದ್ದು ಬಿ450. "5000 ಸೀರೀಸ್ ರೆಡಿ ಇದೆ" ಅಂತ, ಅಂದರೆ ನನ್ನ 5600ಜಿ ಅದರಲ್ಲಿ ಓಡುತ್ತೆ ಅಂತ, ಖಂಡಿತವಾಗಿ ಹೇಳಿದ್ದರು. ಊರಿಗೆ ತಂದು ಜೋಡಿಸಿದರೆ ಫ್ಯಾನ್ ತಿರುಗುತ್ತೆ, ಡಿಸ್‌ಪ್ಲೇ ಇಲ್ಲ. ರ‍್ಯಾಮ್ ಬದಲಿಸಿದೆ, ಕೇಬಲ್ ಬದಲಿಸಿದೆ, ಬ್ಯಾಟರಿ ತೆಗೆದು ಹಾಕಿದೆ. ರಾತ್ರಿ ಕಳೆಯಿತು. ಬೋರ್ಡ್ ಹಳೆಯ ಸ್ಟಾಕ್, ಬಯೋಸ್ (ಬೋರ್ಡನ್ನು ಎಬ್ಬಿಸುವ ಒಳಗಿನ ಪ್ರೋಗ್ರಾಂ) ಹಳೆಯದು, ಈ ಪ್ರೊಸೆಸರ್ ಅದಕ್ಕೆ ಗೊತ್ತೇ ಇಲ್ಲ. ಬಯೋಸ್ ಅಪ್‌ಡೇಟ್ ಮಾಡಲು ಅದರಲ್ಲಿ ಹಳೆಯ ಪ್ರೊಸೆಸರ್ ಹಾಕಬೇಕು, ನನ್ನ ಬಳಿ ಎಲ್ಲಿಂದ ಬರಬೇಕು? ಮತ್ತೆ ರೈಲು ಹತ್ತಿ ಹೋಗಿ, ಜಗಳ ಮಾಡದೆ, ಒಂದೂವರೆ ಎರಡು ಸಾವಿರ ಮೇಲೆ ಕೊಟ್ಟು ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬಿ550 ತೆಗೆದುಕೊಂಡೆ. ಒಟ್ಟು 8 ಸಾವಿರ. ಈ ಬಟನ್ ಇದ್ದರೆ ಪ್ರೊಸೆಸರ್ ಇಲ್ಲದೆಯೇ ಅಪ್‌ಡೇಟ್ ಆಗುತ್ತೆ. ಪೆನ್‌ಡ್ರೈವ್ ಅನ್ನು ಫ್ಯಾಟ್32 ಮಾದರಿಗೆ ಫಾರ್ಮ್ಯಾಟ್ ಮಾಡಿ, ಬೋರ್ಡ್ ಕಂಪನಿ ಹೇಳಿದ ಹೆಸರಿಗೆ ಬಯೋಸ್ ಫೈಲ್ ಹೆಸರು ಬದಲಿಸಿ ಅದಕ್ಕೆ ಹಾಕಿ, ಬಟನ್ ಒತ್ತಿ ಹಿಡಿದರೆ ಸಣ್ಣ ಲೈಟ್ ಮಿನುಗುತ್ತೆ. ಅದು ನಿಲ್ಲುವವರೆಗೆ ಕೈ ಹಚ್ಚಬಾರದು. ನಾಲ್ಕು ರ‍್ಯಾಮ್ ಸ್ಲಾಟ್ ಇದ್ದದ್ದು ಇನ್ನೊಂದು ಲಾಭ. ಅಗ್ಗದ ಬೋರ್ಡ್‌ಗಳಲ್ಲಿ ಎರಡೇ ಇರುತ್ತೆ.

ರ‍್ಯಾಮ್ 8 ಜಿಬಿಯ ಎರಡು ಕಡ್ಡಿ, ಡಿಡಿಆರ್4 3200 ವೇಗದ್ದು, ಎರಡಕ್ಕೂ ಸೇರಿ ಆಗ 3,400 ಇರಬಹುದು. 16ರ ಒಂದೇ ಕಡ್ಡಿ ತಗೋ, ಮುಂದೆ ಇನ್ನೊಂದು ಹಾಕ್ತೀಯಂತೆ ಅಂತ ಎಲ್ಲರ ಸಲಹೆ. ಕಾರ್ಡ್ ಇದ್ದವರಿಗೆ ಆ ಮಾತು ನಡೆಯುತ್ತೆ. ನಮ್ಮಂಥ ಯಂತ್ರದಲ್ಲಿ ಒಳಗಿನ ಗ್ರಾಫಿಕ್ಸ್ ಕೂಡ ಇದೇ ರ‍್ಯಾಮ್ ಬಳಸುತ್ತೆ. ಒಂದು ಕಡ್ಡಿಯಲ್ಲಿ ಸೆಕೆಂಡಿಗೆ 25.6 ಜಿಬಿ ಹರಿದರೆ ಎರಡರಲ್ಲಿ 51.2. ಒಂದು ಕಡ್ಡಿ ಕಿತ್ತು ನಾನೇ ನೋಡಿದ್ದೇನೆ. ಅದೇ ಬ್ಯಾನರ್ ಫೈಲನ್ನು ಜೂಮ್ ಮಾಡಿ ಎಳೆದಾಡಿದರೆ ಚಿತ್ರ ತಡವರಿಸುತ್ತೆ, ಎರಡು ಹಾಕಿದರೆ ಕೈ ಹಿಂದೆಯೇ ಬರುತ್ತೆ. ಬಯೋಸ್‌ಗೆ ಹೋಗಿ ಗ್ರಾಫಿಕ್ಸ್‌ಗೆ 2 ಜಿಬಿ ಮೀಸಲಿಡಿ. ಫೋಟೋಶಾಪ್ ಕನಿಷ್ಠ 1.5 ಜಿಬಿ ಕೇಳುತ್ತೆ. ಅದಕ್ಕಿಂತ ಕಡಿಮೆ ಇದ್ದರೆ ಕೆಲವು ಟೂಲ್ ಮಂಕಾಗಿ ಕೂರುತ್ತವೆ.

ಶುರುವಿನಲ್ಲಿ ದೊಡ್ಡ ಫೈಲನ್ನು ಟಿಫ್ ಚಿತ್ರವಾಗಿ ಮಾಡುವಾಗ ಆಗಾಗ ಯಂತ್ರ ನಿಂತು ನೀಲಿ ಪರದೆ ಬರುತ್ತಿತ್ತು. "ನೋಡು, ಕಾರ್ಡ್ ಇಲ್ಲ, ಅದಕ್ಕೇ" ಅಂತ ಎಲ್ಲರೂ. ರಾತ್ರಿಯಿಡೀ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿದೆ. ಬೆಳಿಗ್ಗೆ ಪರದೆ ತುಂಬ ತಪ್ಪು ತೋರಿಸುವ ಕೆಂಪು. ಕಡ್ಡಿಗಳನ್ನು ಬೇರೆ ಬೇರೆ ಪರೀಕ್ಷೆ ಮಾಡಿದಾಗ ಒಂದು ಕಡ್ಡಿಯೇ ದೋಷದ್ದು ಅಂತ ಗೊತ್ತಾಯಿತು. ಬಿಲ್‌ನಲ್ಲಿ ಸೀರಿಯಲ್ ನಂಬರ್ ಇದ್ದದ್ದರಿಂದ ಮಾತಿಲ್ಲದೆ ಬದಲಿಸಿ ಕೊಟ್ಟರು, ಮೂರು ವಾರ ಹಿಡಿಯಿತು ಅನ್ನೋದು ಬೇರೆ. ಅಲ್ಲಿಂದ ಈಚೆಗೆ ನೀಲಿ ಪರದೆ ಕಂಡಿಲ್ಲ.

500 ಜಿಬಿ ಎನ್‌ವಿಎಂಇ, ಅಂದರೆ ವೇಗದ ಎಸ್‌ಎಸ್‌ಡಿ ಡಿಸ್ಕ್, ಆಗ 3 ಸಾವಿರ. ಫೋಟೋಶಾಪ್ ಸ್ಕ್ರ್ಯಾಚ್ (ಅದು ತಾತ್ಕಾಲಿಕವಾಗಿ ಬಳಸುವ ಡಿಸ್ಕ್ ಜಾಗ) ಅದರಲ್ಲೇ ಇರಲಿ, ಮುಗಿದ ಕೆಲಸ ಹಳೆಯ ಹಾರ್ಡ್ ಡಿಸ್ಕ್‌ಗೆ. ಇದರಲ್ಲಿ ಹೇಳುವಂಥದ್ದೇನಿಲ್ಲ.

ಕ್ಯಾಬಿನೆಟ್‌ನಲ್ಲಿ ಮಾತ್ರ ಸ್ವಲ್ಪ ಆಟ ಆಡಿದೆ. ಎರಡೂವರೆ ಸಾವಿರದ್ದು, ಮುಂದೆ ಗಾಜು. ನೋಡಲು ಚೆಂದ, ಗಾಳಿಗೆ ದಾರಿ ಇಲ್ಲ. ಏಪ್ರಿಲ್‌ನಲ್ಲಿ ಪ್ರೊಸೆಸರ್ 85 ಡಿಗ್ರಿ ಮುಟ್ಟಿತು. ಮುಂದಿನ ಗಾಜು ತೆಗೆದೆ, ಏಳೆಂಟು ಡಿಗ್ರಿ ಇಳಿಯಿತು. ಆದರೆ ನಮ್ಮ ರಸ್ತೆ ಧೂಳು. ಕಿಟಕಿಗೆ ಹೊಡೆಯುವ ಸೊಳ್ಳೆ ಪರದೆ ಅಳತೆಗೆ ಕತ್ತರಿಸಿ, ಅಂಚಿಗೆ ಮ್ಯಾಗ್ನೆಟ್ ಪಟ್ಟಿ ಅಂಟಿಸಿ ಮುಂದೆ ಹಾಕಿದೆ. ಖರ್ಚು ನೂರು ರೂಪಾಯಿಯೂ ಇಲ್ಲ. ಆಮೇಲೆ ಬಯೋಸ್‌ನಲ್ಲಿ ಇಕೋ ಮೋಡ್ ಹಾಕಿ 65 ವ್ಯಾಟ್‌ನ ಪ್ರೊಸೆಸರನ್ನು 45ಕ್ಕೆ ಇಳಿಸಿ ನೋಡಿದೆ. ಕೋರೆಲ್‌ನಲ್ಲಿ ಏನೂ ಫರಕ್ ಗೊತ್ತಾಗಲಿಲ್ಲ. ವೋಲ್ಟೇಜ್ ಇನ್ನೂ ಸ್ವಲ್ಪ ಕೆಳಗೆ ತಂದಿದ್ದೇನೆ. ಆ ಅಂಕಿ ಕೇಳಬೇಡಿ, ಒಂದೊಂದು ಪ್ರೊಸೆಸರ್‌ಗೆ ಒಂದೊಂದು. 600 ವಿಎ ಯುಪಿಎಸ್ ಮೊದಲು ಹತ್ತು ನಿಮಿಷವೂ ತಡೆಯುತ್ತಿರಲಿಲ್ಲ. ಈಗ ಮಾನಿಟರ್ ಸೇರಿ 20 ನಿಮಿಷ ದಾಟುತ್ತೆ. ಕರೆಂಟ್ ಹೋದಾಗ ಗಿರಾಕಿಯನ್ನು ಕೂರಿಸಿಕೊಂಡು ಕೆಲಸ ಮುಗಿಸಿ, ಸೇವ್ ಮಾಡಿ ಎದ್ದದ್ದು ಎಷ್ಟೋ ಸಲ ಇದೆ.

ನಿಜವಾದ ಪರೀಕ್ಷೆ ಆ ಸಲದ ಗಣೇಶ ಹಬ್ಬ. ಹಬ್ಬಕ್ಕೆ ಮುಂಚಿನ ವಾರ ಪೂರ್ತಿ ಬ್ಯಾನರ್ ಕೆಲಸ, ಊರಿನ ಸಂಘಗಳೆಲ್ಲ ಕ್ಯೂ. ಒಂದು ಸಲವೂ ನಿಲ್ಲಲಿಲ್ಲ. ಸ್ಟುಡಿಯೋದವನು ಆಗಲೂ ಒಪ್ಪಲಿಲ್ಲ. ತನ್ನ ಜಿಟಿಎಕ್ಸ್ 1650 ಕಾರ್ಡ್ ಬಿಚ್ಚಿಕೊಂಡು ಬಂದ, ಹಾಕಿ ನೋಡು ಅಂದ. ನಾಲ್ಕೈದು ದಿನ ಹಾಕಿ ನೋಡಿದೆ. ಕೋರೆಲ್‌ನಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಫೋಟೋಶಾಪ್‌ನಲ್ಲಿ ಲಿಕ್ವಿಫೈ, ಕೆಲವು ಬ್ಲರ್ ಫಿಲ್ಟರ್ ಬೇಗ ಆದವು, ಉಳಿದದ್ದು ಹಾಗೇ. ಕಾರ್ಡ್ ವಾಪಸ್ ಕೊಟ್ಟೆ. ಅದೇ ದುಡ್ಡಿನ ಕಾಲುಭಾಗದಲ್ಲಿ 2024ರಲ್ಲಿ ಇನ್ನೆರಡು ಕಡ್ಡಿ ಹಾಕಿ 32 ಜಿಬಿ ಮಾಡಿದೆ. ಈಗ ನೋಡಿದರೆ ಅದು ಈ ಯಂತ್ರಕ್ಕೆ ಹಾಕಿದ ಅತ್ಯುತ್ತಮ ದುಡ್ಡು. 2025ರ ಕೊನೆಗೆ ಎಐ ಡೇಟಾ ಸೆಂಟರ್‌ಗಳು ಮೆಮೊರಿಯನ್ನೆಲ್ಲ ಬಾಚಿಕೊಂಡು ರ‍್ಯಾಮ್ ಬೆಲೆ ಎಲ್ಲಿಗೆ ಹೋಯಿತು ಅಂತ ಎಲ್ಲರಿಗೂ ಗೊತ್ತಲ್ವಾ?

ಆ ಸ್ಟುಡಿಯೋದವನೇ ಈಗ ಹೊಸದು ಜೋಡಿಸಬೇಕು, ಪಟ್ಟಿ ಕೊಡು ಅಂತ ಕೂತಿದ್ದಾನೆ. ಅವನಿಗೆ ನನ್ನ ಪಟ್ಟಿ ಕೊಡಲಿಲ್ಲ. ಅವನದು ಮದುವೆ ವಿಡಿಯೋ ಎಡಿಟಿಂಗ್, ಪ್ರೀಮಿಯರ್‌ನಲ್ಲಿ. ಕ್ಯಾಮೆರಾದಿಂದ ಬರುವ ಎಚ್.264 ಮಾದರಿಯ ವಿಡಿಯೋ ಫೈಲ್ ಬಿಡಿಸಲು ಇಂಟೆಲ್‌ನ ಒಳಗಿನ ಗ್ರಾಫಿಕ್ಸ್‌ನಲ್ಲೇ ಇರುವ ಕ್ವಿಕ್ ಸಿಂಕ್ ಚೆನ್ನಾಗಿ ಕೆಲಸಕ್ಕೆ ಬರುತ್ತೆ. ಹಾಗಾಗಿ ಐ5-12400 ಪ್ರೊಸೆಸರ್ ಬರೆದುಕೊಟ್ಟೆ, ಎಫ್ ಇಲ್ಲದ್ದು ಅಂತ ಕೆಳಗೆ ಗೆರೆ ಎಳೆದು. ಅವನ 1650 ಅದಕ್ಕೇ ಕೂರುತ್ತೆ, ಹೊಸ ಕಾರ್ಡ್ ಬೇಡ. ಬೋರ್ಡ್ ಡಿಡಿಆರ್4ದೇ ಇರಲಿ ಅಂದಿದ್ದೇನೆ, ಯಾಕೆಂದರೆ ಅವನ ಹಳೆಯ ಯಂತ್ರದಲ್ಲಿ 8 ಜಿಬಿಯ ಎರಡು ಕಡ್ಡಿ ಇವೆ. ಅವನ್ನು ಮೆಮ್‌ಟೆಸ್ಟ್‌ಗೆ ಹಾಕಿ ಬಂದಿದ್ದೇನೆ. ತಪ್ಪಿಲ್ಲದೆ ಪಾಸಾದರೆ ಈ ತಿಂಗಳ ಕೊನೆಗೆ ಇಬ್ಬರೂ ಎಸ್‌ಪಿ ರೋಡಿಗೆ ಹೋಗುವುದು ಅಂತ ಮಾತಾಗಿದೆ.