ಕೀಬೋರ್ಡಿನ ನಾದವನ್ನು ಕಂಪ್ಯೂಟರಿನಲ್ಲಿ ಮುದ್ರಿಸುವುದು ಹೇಗೆ?

ಮುಂಬಯಿ ಬಳಿಯ ಡೊಂಬಿವಲಿಯ ಭಜನಾ ಮಂಡಳಿಗಳಲ್ಲಿ ಕೀಬೋರ್ಡ್ ನುಡಿಸುವ ಹುಡುಗರು ದಾಸರ ಪದಗಳ ಪಕ್ಕವಾದ್ಯವನ್ನು ಮನೆಯಲ್ಲೇ ಮುದ್ರಿಸಲು ಹೊರಟು, ಸ್ಪೀಕರಿನ ಮುಂದೆ ಮೊಬೈಲ್ ಇಟ್ಟು, ಲೋಕಲ್ ರೈಲಿನ ಹಾರನ್ನನ್ನೂ ಫ್ಯಾನಿನ ಸದ್ದನ್ನೂ ಸೇರಿಸಿಕೊಂಡಿದ್ದನ್ನು ನಾನು ಹಲವು ಸಲ ಕೇಳಿದ್ದೇನೆ. ಕೇಬಲ್ ಮೂಲಕ ಮುದ್ರಿಸಿದರೆ ಈ ತೊಂದರೆಯಿಲ್ಲ.

ಕೀಬೋರ್ಡಿನ ಹಿಂಬದಿಯ ಯುಎಸ್‌ಬಿ ಕಂಡೊಡನೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಹೆಚ್ಚಿನ ಮಾದರಿಗಳಲ್ಲಿ ಅದು ಸಾಗಿಸುವುದು 1983ರಲ್ಲಿ ಬಳಕೆಗೆ ಬಂದ ಮಿಡಿ ಸಂಕೇತವನ್ನು ಮಾತ್ರ: ಯಾವ ಮನೆ ಒತ್ತಿದಿರಿ, ಎಷ್ಟು ಜೋರಾಗಿ, ಯಾವಾಗ ಬಿಟ್ಟಿರಿ ಎಂಬ ಮಾಹಿತಿಯಿರುತ್ತದೆ, ನಾದವಿರುವುದಿಲ್ಲ. ಕೆಲವು ಮಾದರಿಗಳು ಧ್ವನಿಯನ್ನೂ ಕಳಿಸುತ್ತವೆ, ಕೈಪಿಡಿ ನೋಡಿ. ಇಲ್ಲವಾದರೆ ಆಡಿಯೋ ಕೇಬಲ್ಲೇ ಬೇಕು.

ಲ್ಯಾಪ್‌ಟಾಪಿನ ಹೆಡ್‌ಸೆಟ್ ಕಿಂಡಿಗೆ ನೇರವಾಗಿ ಜೋಡಿಸಬೇಡಿ. ಅದು ಮೈಕಿನ ಕ್ಷೀಣ ಸಂಕೇತಕ್ಕೆಂದು ಮಾಡಿದ್ದು. ಕೀಬೋರ್ಡಿನ ಧ್ವನಿ ಅಲ್ಲಿ ಒಡೆಯುತ್ತದೆ, ಸ್ಟೀರಿಯೋ ಕೂಡ ಸಿಗುವುದಿಲ್ಲ. ಮುಂಬಯಿಯ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಅಗ್ಗಕ್ಕೆ ಸಿಗುವ ಯುಎಸ್‌ಬಿ ಸೌಂಡ್ ಕಾರ್ಡುಗಳಲ್ಲೂ ಹೆಚ್ಚಿನವುಗಳಿಗಿರುವುದು ಒಂದೇ ಮೈಕ್ ಕಿಂಡಿ. ಆ ಹಣ ಉಳಿಸಿ, ಎರಡು ಇನ್‌ಪುಟ್ ಇರುವ ಆಡಿಯೋ ಇಂಟರ್‌ಫೇಸನ್ನೇ, ಅಂದರೆ ವಾದ್ಯದ ಧ್ವನಿಯನ್ನು ಕಂಪ್ಯೂಟರಿಗೆ ಕಳಿಸುವ ಪುಟ್ಟ ಪೆಟ್ಟಿಗೆಯನ್ನೇ ಕೊಳ್ಳಿ.

ಕೀಬೋರ್ಡಿನಲ್ಲಿ ಎಡ ಮತ್ತು ಬಲ ಔಟ್‌ಪುಟ್ ಬೇರೆಬೇರೆ ಇದ್ದರೆ 6.35 ಮಿ.ಮೀ.ನ ಎರಡು ಮೋನೋ ಕೇಬಲ್ ಸಾಕು. ಹೆಡ್‌ಫೋನ್ ಕಿಂಡಿ ಮಾತ್ರ ಇದ್ದಾಗಲೇ ಬಹುತೇಕರು ಎಡವುತ್ತಾರೆ. ಅದರಿಂದ ಒಂದೇ ಸ್ಟೀರಿಯೋ ಕೇಬಲನ್ನು ಎಳೆದು ಇಂಟರ್‌ಫೇಸಿನ ಒಂದು ಇನ್‌ಪುಟ್ಟಿಗೆ ಚುಚ್ಚಿದರೆ, ಆ ಬ್ಯಾಲೆನ್ಸ್ಡ್ ಇನ್‌ಪುಟ್ ಪ್ಲಗ್ಗಿನ ತುದಿಯ ಸಂಕೇತದಿಂದ ಉಂಗುರದ ಸಂಕೇತವನ್ನು ಕಳೆಯುತ್ತದೆ, ಅಂದರೆ ಎಡದಿಂದ ಬಲವನ್ನು ಕಳೆಯುತ್ತದೆ. ಎರಡೂ ಬದಿಯಲ್ಲಿ ಸಮನಾಗಿರುವ ನಾದವೆಲ್ಲ ಅಳಿದು, ಟೊಳ್ಳಾದ ಅನುರಣನವಷ್ಟೇ ಉಳಿಯುತ್ತದೆ. ಕೀಬೋರ್ಡೇ ಕೆಟ್ಟಿದೆಯೆಂದು ರಿಪೇರಿಗೆ ಹೊತ್ತೊಯ್ದವರನ್ನೂ ಕಂಡಿದ್ದೇನೆ. ಬೇಕಾದದ್ದು, ಒಂದು ತುದಿಯಲ್ಲಿ ಸ್ಟೀರಿಯೋ ಪ್ಲಗ್, ಇನ್ನೊಂದು ತುದಿಯಲ್ಲಿ ಎರಡು ಮೋನೋ ಪ್ಲಗ್ ಇರುವ ವೈ ಆಕಾರದ ಕೇಬಲ್. ಎರಡು ಪ್ಲಗ್ಗುಗಳನ್ನು 1 ಮತ್ತು 2ನೇ ಇನ್‌ಪುಟ್ಟಿಗೆ ಹಾಕಿ, ಎರಡನ್ನೂ ‘ಲೈನ್’ಗೆ ತಿರುಗಿಸಿ, ಮೈಕುಗಳಿಗೆ ವಿದ್ಯುತ್ ಕೊಡುವ 48 ವೋಲ್ಟಿನ ಗುಂಡಿಯನ್ನು ಆರಿಸಿಡಿ.

ಕೀಬೋರ್ಡಿನ ವಾಲ್ಯೂಮನ್ನು ಮುಕ್ಕಾಲಿಗಿಟ್ಟು, ಹಾಡಿನ ಅತ್ಯಂತ ಜೋರಾದ ಭಾಗವನ್ನು ನುಡಿಸುತ್ತ, ಮೀಟರ್ −12 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲುವಂತೆ ಇಂಟರ್‌ಫೇಸಿನ ಗೇನ್ (ಒಳಬರುವ ಧ್ವನಿಯ ಮಟ್ಟ) ಹೊಂದಿಸಿ. ಕೆಂಪು ದೀಪ ಹೊತ್ತಿ ಒಡೆದುಹೋದ ಧ್ವನಿಯನ್ನು ಆಮೇಲೆ ಮೊದಲಿನಂತೆ ಮಾಡಲಾಗದು.

ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಇಂಟರ್‌ಫೇಸನ್ನೂ ಸ್ಟೀರಿಯೋವನ್ನೂ ಆರಿಸಿ, 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಮುದ್ರಿಸಿ. ನುಡಿಸಿದ್ದು ಎರಡೆರಡು ಸಲ ಕೇಳಿಸಿದರೆ ತಂತ್ರಾಂಶದ ಮಾನಿಟರನ್ನು (ಮುದ್ರಣವಾಗುವಾಗಲೇ ಅದನ್ನು ಕೇಳಿಸುವ ಸೌಲಭ್ಯ) ನಿಲ್ಲಿಸಿ, ಇಂಟರ್‌ಫೇಸಿನ ಹೆಡ್‌ಫೋನಿನಲ್ಲೇ ನೇರವಾಗಿ ಆಲಿಸಿ. ಹಿನ್ನೆಲೆಯಲ್ಲಿ ‘ಗುಂಯ್’ ಎಂಬ ಸದ್ದು ಬಂದರೆ ಲ್ಯಾಪ್‌ಟಾಪಿನ ಚಾರ್ಜರನ್ನು ಕಿತ್ತು ನೋಡಿ. ಆಗ ಸದ್ದು ನಿಂತರೆ ದೋಷವಿರುವುದು ಅರ್ಥಿಂಗಿನಲ್ಲಿ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಜೋಡಿಸಿ. ಆದರೂ ಹೋಗದಿದ್ದರೆ ಬ್ಯಾಟರಿಯ ಮೇಲೆಯೇ ಮುದ್ರಿಸಿ.