ಹೈಸ್ಕೂಲ್ ಮಕ್ಕಳು ಮಂಕಾದಾಗ: ತರಗತಿ ಶಿಕ್ಷಕರು ಮಾಡಬೇಕಾದ್ದೇನು?

ಶಿಕ್ಷಕರು ಚಿಕಿತ್ಸೆ ಕೊಡಬೇಕಿಲ್ಲ. ಗಮನಿಸಬೇಕು, ಕೇಳಿಸಿಕೊಳ್ಳಬೇಕು, ಸರಿಯಾದ ಕಡೆ ತಲುಪಿಸಬೇಕು, ತಲುಪಿಸಿದ ಮೇಲೂ ಕೈಬಿಡಬಾರದು. ನಮ್ಮ ಶಾಲೆಗಳಲ್ಲಿ ಹೆಚ್ಚಾಗಿ ತಪ್ಪುವುದು ಆ ಕೊನೆಯ ಕೆಲಸವೇ.

ಮೊದಲ ಸುಳಿವು ಹಾಜರಿ ಪುಸ್ತಕದಲ್ಲಿರುತ್ತದೆ. ಕೊಪ್ಪಳ, ರಾಯಚೂರು ಕಡೆ ಹತ್ತಿ ಬಿಡಿಸುವ ಕಾಲದಲ್ಲಿ ಮಕ್ಕಳು ಶಾಲೆ ತಪ್ಪಿಸುವುದುಂಟು. ಆ ಕೆಲಸ ಮುಗಿದ ಮೇಲೂ ಬಾರದಿದ್ದರೆ, ಬಂದರೂ ಹಿಂದಿನ ಬೆಂಚಿಗೆ ಸರಿದು ಕೂತರೆ ವಿಚಾರಿಸಿ. ಅಪ್ಪ ಅವ್ವ ಬೆಂಗಳೂರಿಗೆ ಗುಳೆ ಹೋಗಿ ಅಜ್ಜಿಯ ಜೊತೆ ಉಳಿದ ಮಕ್ಕಳ ಹೆಸರನ್ನು ಜೂನ್‌ನಲ್ಲೇ ಗುರುತು ಮಾಡಿಟ್ಟುಕೊಳ್ಳಿ. ಬಿಸಿಯೂಟ ಅರ್ಧಕ್ಕೆ ಬಿಡುವುದು, ಪದೇ ಪದೇ ತಲೆನೋವು ಹೊಟ್ಟೆನೋವು, ತರಗತಿಯಲ್ಲಿ ನಿದ್ದೆ, ಗೆಳೆಯರಿಂದ ದೂರ ಇರುವುದು ಎರಡು ವಾರ ಮುಂದುವರಿದರೆ ಮಾತಾಡಿಸಲೇಬೇಕು. ಹುಡುಗರಲ್ಲಿ ದುಃಖ ಅನೇಕ ಸಲ ಸಿಟ್ಟಾಗಿ, ಜಗಳವಾಗಿ ಹೊರಬರುತ್ತದೆ. ಅದನ್ನು ಬರೀ ಶಿಸ್ತಿನ ಪ್ರಶ್ನೆ ಮಾಡಬೇಡಿ. ಹುಡುಗಿ ಚೆನ್ನಾಗಿ ಓದುತ್ತಿದ್ದವಳು ಏಕಾಏಕಿ ಪುಸ್ತಕ ಮುಚ್ಚಿದರೆ ಮನೆಗೆ ಯಾರಾದರೂ 'ನೋಡಾಕ' ಬಂದು ಹೋಗಿದ್ದಾರಾ ಎಂದು ತಿಳಿದುಕೊಳ್ಳಿ. 18 ತುಂಬದ ಹುಡುಗಿಯ ಮದುವೆ ಮಾತು ನಡೆದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ, ನಿಶ್ಚಿತಾರ್ಥದವರೆಗೆ ಕಾಯಬೇಡಿ.

ಸುಸ್ತಿಗೆಲ್ಲ ಮನಸ್ಸೇ ಕಾರಣವಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ನೋಡಿಸಿ. ಈ ವಯಸ್ಸಿನ ಹುಡುಗಿಯರಲ್ಲಿ ಅದು 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ವಾರದ ಕಬ್ಬಿಣಾಂಶದ ಮಾತ್ರೆಯನ್ನು ಊಟವಾದ ಮೇಲೆ ನಿಮ್ಮೆದುರೇ ನುಂಗಿಸಿ. ಖಾಲಿ ಹೊಟ್ಟೆಯಲ್ಲಿ ಕೊಟ್ಟರೆ ಓಕರಿಕೆ ಬಂದು ಮುಂದಿನ ವಾರ ಕಿಟಕಿಯಾಚೆ ಎಸೆಯುತ್ತಾರೆ.

ಮಾತಾಡಿಸುವ ಜಾಗ ಸ್ಟಾಫ್ ರೂಮ್ ಅಲ್ಲ. ಇತರರಿಗೆ ಕಾಣುವ, ಆದರೆ ಮಾತು ಕೇಳಿಸದ ಕಡೆ ಕೂರಿಸಿ: ಆವರಣದ ಬೇವಿನ ಮರದ ಕೆಳಗೆ, ಇಲ್ಲವೇ ಬಾಗಿಲು ತೆರೆದ ಖಾಲಿ ತರಗತಿಯಲ್ಲಿ. ಹುಡುಗಿಯರ ಜೊತೆ ಶಿಕ್ಷಕಿಯರು ಮಾತಾಡುವುದು ಒಳ್ಳೆಯದು. ಕಂಡದ್ದನ್ನಷ್ಟೇ ಹೇಳಿ ಶುರುಮಾಡಿ: "ತಮ್ಮಾ, ಎರಡು ವಾರದಿಂದ ಊಟ ಅರ್ಧಕ್ಕ ಬಿಡಾಕತ್ತಿ. ಏನರ ತ್ರಾಸ ಐತೇನು?" ಆಮೇಲೆ ಸುಮ್ಮನಿರಿ. ಹುಡುಗ ಬಾಯಿ ಬಿಡಲು ಐದು ನಿಮಿಷ ಬೇಕಾಗಬಹುದು; ಆ ಐದು ನಿಮಿಷವನ್ನು ನಾವು ಬುದ್ಧಿಮಾತಿನಿಂದ ತುಂಬಿದರೆ ಅವನು ಮತ್ತೆ ಬಾಯಿ ಬಿಡುವುದಿಲ್ಲ. "ನಿನ್ನ ಅಕ್ಕ ಹೆಂಗಿದ್ಲು ನೋಡು", "ನಮ್ಮ ಕಾಲದಾಗ ಇದಕ್ಕಿಂತ ಕಷ್ಟ ಇತ್ತು" ಎಂಬ ಮಾತು ಬೇಡವೇ ಬೇಡ. ಅಪ್ಪನ ಹೆಸರು, ಮನೆಯ ಸ್ಥಿತಿಯನ್ನು ತರಗತಿಯಲ್ಲಿ ಎಲ್ಲರೆದುರು ಕೇಳುವುದೂ ಬೇಡ. ದೇವದಾಸಿ ತಾಯಂದಿರ ಮಕ್ಕಳಿಗೆ ಆ ಒಂದು ಪ್ರಶ್ನೆಯೇ ಶಾಲೆ ಬಿಡಲು ಸಾಕಾಗುತ್ತದೆ.

ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡಿ. "ನಿನ್ನ ಜೀವಕ್ಕ ತೊಂದ್ರಿ ಆಗೋ ವಿಷಯ ಇದ್ರ ಮಾತ್ರ ಇನ್ನೊಬ್ಬರಿಗೆ ಹೇಳ್ತೀನಿ, ಅದೂ ನಿನಗ ತಿಳಿಸಿ" ಎನ್ನಿ. ಲೈಂಗಿಕ ದೌರ್ಜನ್ಯದ ಮಾತು ಬಂದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಶಾಲೆಯ ಮರ್ಯಾದೆ ಎಂದು ಒಳಗೇ ಮುಗಿಸುವುದು ಅಪರಾಧ. ಕಿರುಕುಳ ಮನೆಯೊಳಗಿನದಾಗಿದ್ದರೆ ಪಾಲಕರಿಗಿಂತ ಮೊದಲು 1098ಕ್ಕೆ ಕರೆ ಮಾಡಿ.

ಬದುಕು ಬೇಡವಾಗಿದೆ ಎಂಬ ಅನುಮಾನ ಬಂದರೆ ನೇರವಾಗಿಯೇ ಕೇಳಿ: "ಸಾಯಬೇಕು ಅಂತ ಅನ್ನಿಸೇತೇನು?" ಕೇಳಿದರೆ ಆ ವಿಚಾರ ತಲೆಗೆ ಹೊಗುತ್ತದೆ ಎಂಬುದು ತಪ್ಪು ಕಲ್ಪನೆ, ಕೇಳುವವರೊಬ್ಬರು ಸಿಕ್ಕರೆಂದು ಭಾರ ಇಳಿಯುತ್ತದೆ. ಹೌದು ಎಂದರೆ ಕ್ಷಣವೂ ಒಂಟಿಯಾಗಿ ಬಿಡಬೇಡಿ, ಒಂಟಿಯಾಗಿ ಬಸ್ ಹತ್ತಿಸಬೇಡಿ. ಮನೆಯ ಹಿರಿಯರನ್ನು ಕರೆಸಿ ಅವರ ಕೈಗೇ ಒಪ್ಪಿಸಿ. ಹೊಲಕ್ಕೆ ಹೊಡೆಯುವ ಎಣ್ಣೆಯ (ಕೀಟನಾಶಕದ) ಡಬ್ಬಿಗಳನ್ನು ಅಂದೇ ಬೀಗದೊಳಗೆ ಇಡಲು, ಸಾಧ್ಯವಾದರೆ ಮನೆಯಿಂದಲೇ ಹೊರಗೆ ಸಾಗಿಸಲು ಹೇಳಿ. ಅಂಥ ಯೋಚನೆ ಉಕ್ಕಿ ಬರುವುದು ಸ್ವಲ್ಪ ಹೊತ್ತು. ಆ ಹೊತ್ತಿನಲ್ಲಿ ಡಬ್ಬಿ ಕೈಗೆ ಸಿಗದಿದ್ದರೆ ಎಷ್ಟೋ ಜೀವ ಉಳಿಯುತ್ತವೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಮಗುವಿನ ಪಕ್ಕದಲ್ಲೇ ಕೂತು ಕರೆ ಮಾಡಿ: ಉಚಿತ, ದಿನದ 24 ತಾಸೂ ಲಭ್ಯ, ಕನ್ನಡದಲ್ಲೇ ಮಾತಾಡಬಹುದು. ಅದೇ ದಿನ ಜಿಲ್ಲಾ ಆಸ್ಪತ್ರೆಗೋ ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಕರೆದೊಯ್ಯಬೇಕು.

ಅಷ್ಟು ತುರ್ತಿಲ್ಲದಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಹದಿಹರೆಯದವರಿಗಾಗಿಯೇ ಇರುವ ಸ್ನೇಹ ಕ್ಲಿನಿಕ್ ಇದೆ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆಯೂ ಇದೆ. ಮೊದಲೇ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ, ಕೂಲಿ ಬಿಟ್ಟು ಬಂದ ಅವ್ವ ಒಮ್ಮೆ ಬರಿಗೈಲಿ ಮರಳಿದರೆ ಎರಡನೇ ಸಲ ಬರುವುದು ಕಷ್ಟ. "ನಮ್ಮ ಹುಡುಗಗ ಹುಚ್ಚು ಹಿಡದೈತೇನ್ರಿ ಸರ?" ಎಂದು ಪಾಲಕರು ಕೇಳಿದರೆ ನಿದ್ದೆ, ಊಟ, ಓದು ಕೆಟ್ಟಿದೆ, ಅದಕ್ಕೆ ಆಸ್ಪತ್ರೆಯಲ್ಲಿ ಉಪಾಯ ಇದೆ ಎಂದಷ್ಟೇ ಹೇಳಿ. ಇಂಥ ಚಿಕಿತ್ಸೆ ನಮ್ಮ ಸೀಮೆಗೆ ಹೊಸದೂ ಅಲ್ಲ: 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ. ಗಾಳಿ ಸೋಕಿದೆ ಎಂದು ಗುಡಿಗೋ ದರ್ಗಾಕ್ಕೋ ಹೊರಟವರ ಜೊತೆ ವಾದಕ್ಕೆ ಇಳಿಯಬೇಡಿ. ಹರಕೆ ತೀರಿಸಿ, ಆದರೆ ಡಾಕ್ಟರನ್ನೂ ಕಾಣಿ, ಕೊಟ್ಟ ಮಾತ್ರೆ ನಡುವೆ ಬಿಡಬೇಡಿ ಎನ್ನಿ. ಹೊಡೆತ, ಸರಪಳಿ, ಉಪವಾಸದ ಮಾತು ಬಂದರೆ ಮಾತ್ರ ಖಡಾಖಂಡಿತವಾಗಿ ತಡೆಯಿರಿ.

ಕಂಡದ್ದು, ಮಗು ಹೇಳಿದ್ದು, ಮಾಡಿದ್ದು ಮೂರನ್ನೂ ದಿನಾಂಕ ಹಾಕಿ ನಾಲ್ಕು ಸಾಲು ಬರೆದು ಬೀಗದ ಕಪಾಟಿನಲ್ಲಿಡಿ. ಮೊದಲ ತಿಂಗಳು ವಾರಕ್ಕೊಮ್ಮೆ ಎರಡು ನಿಮಿಷ ವಿಚಾರಿಸಿ. ಪ್ರಾರ್ಥನೆಯ ಸಾಲಿನಲ್ಲಿ ಹೆಸರು ಹಿಡಿದು ಕೇಳಬೇಡಿ.

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನಕ್ಕೆ ಒಂದು ವಾರ ಮುಂಚೆಯೇ ತಯಾರಾಗಿ. ಆತಂಕ ಇರುವ ಮಕ್ಕಳನ್ನು ಶಿಕ್ಷಕರು ಹಂಚಿಕೊಳ್ಳಿ, ಒಬ್ಬರಿಗೆ ಐದಾರು ಮಕ್ಕಳಿಗಿಂತ ಹೆಚ್ಚು ಬೇಡ. ಪರೀಕ್ಷೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ನಡೆಯುವುದನ್ನು, ಒಂದರಲ್ಲಿ ಹೋದರೆ ವರ್ಷ ಹೋಗುವುದಿಲ್ಲ ಎನ್ನುವುದನ್ನು ಪಾಲಕರ ಸಭೆಯಲ್ಲೇ ಬಿಡಿಸಿ ಹೇಳಿ. ಫಲಿತಾಂಶ ಬಂದ ಗಂಟೆಯೊಳಗೆ ಕರೆ ಮಾಡಿ, ಅಂಕ ಎಷ್ಟೆಂದು ಕೇಳುವ ಮೊದಲು "ಊಟ ಮಾಡಿದೇನವ್ವಾ, ಮನ್ಯಾಗ ಯಾರದಾರ?" ಎಂದು ಕೇಳಿ. ಫೋನ್ ಎತ್ತದಿದ್ದರೆ ಸಂಜೆಗೆ ಬಿಡದೆ, ಆ ಊರಿನ ಆಶಾ ಕಾರ್ಯಕರ್ತೆಯನ್ನೋ ನೆರೆಯವರನ್ನೋ ತಕ್ಷಣ ಮನೆಗೆ ಕಳಿಸಿ.