ಬಳಸಿದ ಗಾಜಿನ ತೊಟ್ಟಿಯನ್ನು ಕಾರ್ನ್ ಹಾವಿಗೆ ಸಜ್ಜುಗೊಳಿಸುವ ಬಗೆ

ಅಮೆರಿಕದಲ್ಲಿ ಕಾರ್ನ್ ಹಾವು ಎಂಬ ವಿಷವಿಲ್ಲದ ಹಾವನ್ನು ಸಾಕುವವರು (ನಮ್ಮ ನಾಡಿನ ಹಾವುಗಳನ್ನು ಮನೆಯಲ್ಲಿಡಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅವಕಾಶ ಕೊಡುವುದಿಲ್ಲ) ಬಳಸಿದ ಮೀನಿನ ತೊಟ್ಟಿಯನ್ನು ಕೊಂಡಾಗ, ಮೊದಲು ಒಣ ಹತ್ತಿಯ ಉಂಡೆಯನ್ನು ಗಾಜಿನ ಅಂಚಿನುದ್ದಕ್ಕೂ ಸವರಿ ನೋಡಬೇಕು. ಎಳೆ ಸಿಕ್ಕಿಕೊಂಡ ಕಡೆ ಹಾವಿನ ಮೈ ಸೀಳಬಲ್ಲ ಮೊನೆ ಇರುತ್ತದೆ, ಅದನ್ನು ಮರಳುಕಾಗದದಿಂದ ಉಜ್ಜಿ ನುಣುಪು ಮಾಡಬೇಕು.

ತೊಟ್ಟಿಯೊಡನೆ ಬಂದ ಮರದ ಕೊರಡು, ಹಾಸುಗಳಲ್ಲಿ ಉಣ್ಣಿಯಂಥ, ರಕ್ತ ಹೀರುವ ಸಣ್ಣ ಹುಳುಗಳು ಅಡಗಿರಬಹುದಾದ್ದರಿಂದ ಅವನ್ನು ಎಸೆಯುವುದೇ ಲೇಸು. ಗಾಜನ್ನು ಸೋಪಿನ ನೀರಿನಲ್ಲಿ ತೊಳೆದು, 9 ಪಾಲು ನೀರಿಗೆ 1 ಪಾಲು ಬ್ಲೀಚ್ ಬೆರೆಸಿ ಬಳಿದು, 10 ನಿಮಿಷ ಬಿಟ್ಟು, ವಾಸನೆ ಪೂರ್ತಿ ಹೋಗುವವರೆಗೆ ಜಾಲಿಸಿ ಒಣಗಿಸಬೇಕು. ಬ್ಲೀಚ್ ಜೊತೆಗೆ ವಿನೆಗರ್ ಎಂದೂ ಬೆರೆಸಬಾರದು, ವಿಷಾನಿಲ ಹೊರಡುತ್ತದೆ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಮುಚ್ಚಳ. ತಲೆ ತೂರುವಷ್ಟು ಸಂದಿ ಸಿಕ್ಕರೆ ಮರಿಹಾವು ಹೊರಗೆ ಹೋಗಿಬಿಡುತ್ತದೆ. ಆದ್ದರಿಂದ ಗಾಳಿಯಾಡುವ ಲೋಹದ ಜಾಲರಿಯನ್ನು ನಾಲ್ಕೂ ಕಡೆ ಕ್ಲಿಪ್ ಹಾಕಿ ಬಿಗಿಯಬೇಕು. ಒಳಗೆ ಅಂಟುಪಟ್ಟಿ ಬಳಸಿದರೆ ಅದು ಹುರುಪೆಗಳಿಗೆ ಅಂಟಿ, ಬಿಡಿಸುವಾಗ ಚರ್ಮವೇ ಕಿತ್ತುಬರುತ್ತದೆ. ವಿದ್ಯುತ್ತಿನಿಂದ ಕಾಯುವ ಬಿಸಿ ಹಾಸನ್ನು ತೊಟ್ಟಿಯ ಒಂದು ತುದಿಯಲ್ಲಿ, ಹೊರಗಿನಿಂದ, ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಮೂಲಕವೇ ಜೋಡಿಸಿ, ಆ ಬದಿಯನ್ನು ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು ಇನ್ನೊಂದು ಬದಿಯನ್ನು ತಂಪಾಗಿ ಬಿಡಬೇಕು.